ವೈಫೈ ಪಾಸ್‌ವರ್ಡ್ ಕ್ಯಾಮೆರಾ ಕಾಯುವುದಿಲ್ಲ

"ವೈಫೈ ಪಾಸ್‌ವರ್ಡ್ ಬದಲಿಸಿದ್ದೀನಿ ಸರ್, ಇನ್ನು ಕ್ಯಾಮೆರಾಗೆ ಏನೂ ಭಯ ಇಲ್ಲ ಅಲ್ವಾ?" ವಾರಕ್ಕೊಬ್ಬರಾದರೂ ಹೀಗೆ ಕೇಳುತ್ತಾರೆ. ಉತ್ತರ ಹೇಳಿ ಹೇಳಿ ಸಾಕಾಗಿದೆ. ಇವತ್ತು ಇದೊಂದನ್ನೇ ಬರೆಯುತ್ತೇನೆ.

ವೈಫೈ ಪಾಸ್‌ವರ್ಡ್ ತಡೆಯುವುದು ಸಿಗ್ನಲ್ ಸಿಗುವಷ್ಟು ಹತ್ತಿರ ಇರುವವರನ್ನು. ಇಂಟರ್ನೆಟ್ ಕಡೆಯಿಂದ ಬರುವವರು ವೈಫೈ ಮುಟ್ಟುವುದೇ ಇಲ್ಲ, ನೇರ ರೌಟರ್‌ಗೆ ಬರುತ್ತಾರೆ. ರೌಟರ್ ಸಾಮಾನ್ಯವಾಗಿ ಅವರನ್ನು ಒಳಗೆ ಬಿಡುವುದಿಲ್ಲ. ಆದರೆ ಹೊರಗಿದ್ದಾಗಲೂ ಮನೆ ನೋಡಬೇಕೆಂದು ಯಾರೋ ಪೋರ್ಟ್ ಫಾರ್ವರ್ಡಿಂಗ್ ಮಾಡಿಕೊಟ್ಟಿರುತ್ತಾರೆ, ಅಂದರೆ ಹೊರಗಿನಿಂದ ಬಂದವರನ್ನು ನೇರ ಕ್ಯಾಮೆರಾಗೆ ಕಳಿಸುವ ಬಾಗಿಲೊಂದನ್ನು (ಪೋರ್ಟ್) ರೌಟರ್‌ನಲ್ಲಿ ತೆರೆದಿಟ್ಟಿರುತ್ತಾರೆ. ಇಲ್ಲವೇ ರೌಟರ್‌ನಲ್ಲಿ ಯುಪಿಎನ್‌ಪಿ ಎಂಬ ಸೌಲಭ್ಯ ಆನ್ ಇದ್ದು, ಕ್ಯಾಮೆರಾ ತಾನೇ ರೌಟರ್‌ಗೆ ಹೇಳಿ ಪೋರ್ಟ್ ತೆರೆಸಿಕೊಂಡಿರುತ್ತದೆ. ಆಮೇಲೆ ಅಡ್ಡ ಇರುವುದು ಕ್ಯಾಮೆರಾದ ಸ್ವಂತ ಪಾಸ್‌ವರ್ಡ್ ಒಂದೇ.

ಹಿರಿಯರೊಬ್ಬರು ಹಾಸಿಗೆ ಹಿಡಿದ ಹೆಂಡತಿಗಾಗಿ ಕ್ಯಾಮೆರಾ ಹಾಕಿಸಿದ್ದರು. ವೈಫೈ ಪಾಸ್‌ವರ್ಡ್ 20 ಅಕ್ಷರದ್ದು, ತಿಂಗಳಿಗೊಮ್ಮೆ ತಪ್ಪದೆ ಬದಲಿಸುತ್ತಿದ್ದರು. ಅವರ ಒಪ್ಪಿಗೆ ಪಡೆದು, ನನ್ನ ಫೋನಿನ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ಅವರ ಮನೆಯ ಐಪಿ ವಿಳಾಸ (ಇಂಟರ್ನೆಟ್‌ನಲ್ಲಿ ಆ ಮನೆಯನ್ನು ಗುರುತಿಸುವ ಸಂಖ್ಯೆ) ಹೊಡೆದೆ. ಲಾಗಿನ್ ಪುಟ ಬಂತು. ಹೆಸರು ಅಡ್ಮಿನ್, ಪಾಸ್‌ವರ್ಡೂ ಅಡ್ಮಿನ್ ಎಂದು ಹೊಡೆದೆ. ಮಲಗಿದ್ದ ಆ ತಾಯಿ ನನ್ನ ಫೋನಿನಲ್ಲಿ ಕಂಡರು. ಆ ಹಿರಿಯರು ಬಹಳ ಹೊತ್ತು ಮಾತಾಡಲಿಲ್ಲ. ನನಗೂ ಹೊಟ್ಟೆಯಲ್ಲಿ ಸಂಕಟ ಆಯಿತು.

"ನಮ್ಮ ಮನೇನ ಯಾರು ಹುಡುಕ್ತಾರೆ?" ಎಂದೂ ಕೇಳುತ್ತಾರೆ. ಹುಡುಕುವ ಅಗತ್ಯವೇ ಇಲ್ಲ. ಐಪಿವಿ4 ಎಂಬ ಮಾದರಿಯ ಐಪಿ ವಿಳಾಸಗಳು ಒಟ್ಟು ಸುಮಾರು 430 ಕೋಟಿ. ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಬಿಡುಗಡೆ ಮಾಡಿದ ಝಡ್‌ಮ್ಯಾಪ್ ಎಂಬ ತಂತ್ರಾಂಶ, ವೇಗದ ಸಂಪರ್ಕ ಇರುವ ಒಂದೇ ಕಂಪ್ಯೂಟರ್‌ನಿಂದ ಅಷ್ಟೂ ಸಾರ್ವಜನಿಕ ವಿಳಾಸಗಳ ಬಾಗಿಲನ್ನು 45 ನಿಮಿಷದೊಳಗೆ ತಟ್ಟಿಬರುತ್ತಿತ್ತು. 2016ರ ಮಿರಾಯ್ ಎಂಬ ದುಷ್ಟ ತಂತ್ರಾಂಶದ ಕೈಯಲ್ಲಿದ್ದದ್ದು 60 ಚಿಲ್ಲರೆ ಫ್ಯಾಕ್ಟರಿ ಪಾಸ್‌ವರ್ಡ್‌ಗಳು, ಅಷ್ಟೇ. ಅಷ್ಟರಲ್ಲೇ ಲಕ್ಷಾಂತರ ಕ್ಯಾಮೆರಾ, ರೌಟರ್‌ಗಳನ್ನು ಹಿಡಿಯಿತು. ಆಫ್ ಮಾಡಿ ಆನ್ ಮಾಡಿದರೆ ಅದು ಅಳಿಸಿಹೋಗುತ್ತಿತ್ತು ನಿಜ. ಪಾಸ್‌ವರ್ಡ್ ಹಳೆಯದೇ ಇದ್ದರೆ ನಿಮಿಷಗಳಲ್ಲೇ ಮತ್ತೆ ಬಂದು ಕೂರುತ್ತಿತ್ತು.

ಎಲ್ಲರ ಮನೆಯಲ್ಲೂ ಪೋರ್ಟ್ ತೆರೆದಿದೆ ಎನ್ನಲಾರೆ. ನೋಡದೆ ಹೇಳುವುದು ಕಷ್ಟ. ರೌಟರ್ ಸೆಟ್ಟಿಂಗ್ಸ್‌ನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಪಟ್ಟಿ ತೆರೆಯಿರಿ. ಗೊತ್ತಿಲ್ಲದ್ದು ಇದ್ದರೆ ಹಾಕಿಕೊಟ್ಟವರನ್ನು ಕೇಳಿ ತೆಗೆಯಿರಿ. ಯುಪಿಎನ್‌ಪಿ ಆಫ್ ಮಾಡಿ. ಕೆಲವು ಆಟಗಳಿಗೆ ತೊಂದರೆ ಆಗಬಹುದು, ಮಕ್ಕಳಿಗೆ ಮೊದಲೇ ಹೇಳಿಬಿಡಿ. ಕ್ಯಾಮೆರಾದ ಪಾಸ್‌ವರ್ಡ್ ಬದಲಿಸಿ. ಹೊರಗಿನಿಂದ ನೋಡಲೇಬೇಕಾದರೆ ವಿಪಿಎನ್ (ಮನೆಯ ನೆಟ್‌ವರ್ಕ್‌ಗೆ ಹೋಗುವ ಗುಪ್ತ, ಬೀಗ ಹಾಕಿದ ದಾರಿ) ಮೂಲಕ ನೋಡಿ.

ಆ ಹಿರಿಯರಿಗೆ ವಿಪಿಎನ್ ಹಾಕಿಕೊಟ್ಟೆ. ಮೊನ್ನೆ ಫೋನ್ ಮಾಡಿದ್ದರು. ಪೋರ್ಟ್ ಪಟ್ಟಿ ಈಗಲೂ ಖಾಲಿ ಇದೆ ಎಂದು ತಾವೇ ನೋಡಿ ಹೇಳಿದರು.