ತುಂಬಿದ ನೌಕೆ ಯಾವಾಗ ಮನೆಗೆ ತಿರುಗಬೇಕು?

ಈವ್ ಆನ್‌ಲೈನ್ ಎಂಬ ಬಾಹ್ಯಾಕಾಶದ ಆಟ 2003ರ ಮೇ ತಿಂಗಳಿಂದ ನಡೆಯುತ್ತಿದೆ. ಐಸ್‌ಲ್ಯಾಂಡಿನ ರೇಕ್ಯಾವಿಕ್‌ನಲ್ಲಿರುವ ಸಿಸಿಪಿ ಎಂಬ ಕಂಪನಿ ಅದನ್ನು ಮಾಡಿದ್ದು. ಚೀನಾದವರಿಗೆ ಬೇರೆ ಸರ್ವರ್ ಇದೆ. ಉಳಿದವರೆಲ್ಲ, ಬೆಂಗಳೂರಿನವರಿರಲಿ ಬರ್ಲಿನ್‌ನವರಿರಲಿ, ಆಡುವುದು ಒಂದೇ ಜಗತ್ತಿನಲ್ಲಿ. ಆ ಜಗತ್ತಿನಲ್ಲಿ 7,800ರಷ್ಟು ನಕ್ಷತ್ರ ಮಂಡಲಗಳಿವೆ. ಪ್ರತಿಯೊಂದಕ್ಕೂ ಭದ್ರತೆಯ ಒಂದು ಅಂಕ ಇದೆ. 0.5ರಿಂದ 1.0ರವರೆಗೆ ಇದ್ದರೆ ಹೈಸೆಕ್. ಅಲ್ಲಿ ಯಾರಾದರೂ ನಿಮ್ಮ ಮೇಲೆ ಕಾರಣವಿಲ್ಲದೆ ಗುಂಡು ಹಾರಿಸಿದರೆ ಕಾನ್‌ಕಾರ್ಡ್ ಎಂಬ ಪೊಲೀಸ್ ಪಡೆ ಬಂದು ಅವರ ನೌಕೆಯನ್ನು ಪುಡಿ ಮಾಡುತ್ತದೆ. 0.1ರಿಂದ 0.4ರವರೆಗೆ ಲೋಸೆಕ್. ಸೊನ್ನೆ ಮತ್ತು ಅದಕ್ಕಿಂತ ಕೆಳಗೆ ನಲ್‌ಸೆಕ್. ನಲ್‌ಸೆಕ್‌ನಲ್ಲಿ ಪೊಲೀಸರಿಲ್ಲ, ಯಾರು ಯಾರನ್ನು ಹೊಡೆದರೂ ಕೇಳುವವರಿಲ್ಲ.

ಇಲ್ಲಿ ನೌಕೆ ಒಡೆದರೆ ಒಡೆದಂತೆಯೇ. ಹಿಂದೆ ಸೇವ್ ಮಾಡಿಟ್ಟ ಜಾಗಕ್ಕೆ ಮರಳಿ ಮತ್ತೆ ಶುರು ಮಾಡುವ ಸೌಲಭ್ಯ ಇಲ್ಲ. ಒಳಗಿದ್ದ ಒಂದೊಂದು ವಸ್ತುವೂ ಉಳಿಯುವ ಸಾಧ್ಯತೆ ಅರ್ಧಕ್ಕರ್ಧ. ಉಳಿದದ್ದು ಹೊಡೆದವನ ಪಾಲು. ನಷ್ಟ ನಿಜವಾಗಿರುವುದರಿಂದಲೇ ಈ ಆಟ ಅಪಾಯ ಮತ್ತು ಲಾಭದ ಬಗ್ಗೆ ಯೋಚಿಸಲು ಇಷ್ಟು ಒಳ್ಳೆಯ ಜಾಗ ಎಂದು ನನಗನಿಸುತ್ತದೆ.

ಎಕ್ಸ್‌ಪ್ಲೊರೇಶನ್, ಅಂದರೆ ಅಡಗಿದ ತಾಣಗಳ ಹುಡುಕಾಟ, ಮಾಡುವವರ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಹೊಸಬರು ಸಾಮಾನ್ಯವಾಗಿ ಹೆರಾನ್‌ನಂಥ ಅಗ್ಗದ ಪುಟ್ಟ ನೌಕೆಯಲ್ಲಿ ಹೊರಡುತ್ತಾರೆ. ಪ್ರೋಬ್ ಎಂಬ ಹುಡುಕುವ ಸಾಧನಗಳನ್ನು ಎಂಟು ಹಾರಿಸಿ, ಅವುಗಳ ವ್ಯಾಪ್ತಿಯನ್ನು ಕಿರಿದು ಮಾಡುತ್ತಾ ಹೋಗಿ, ಅಡಗಿರುವ ತಾಣವನ್ನು ಪತ್ತೆ ಹಚ್ಚುತ್ತಾರೆ. ಅದು ರೆಲಿಕ್ ಸೈಟ್ ಆಗಿದ್ದರೆ ಅಲ್ಲಿ ಹಳೆಯ ಅವಶೇಷಗಳು ತೇಲುತ್ತಿರುತ್ತವೆ. ಒಂದೊಂದನ್ನೂ ಹ್ಯಾಕ್ ಮಾಡಬೇಕು. ಪರದೆಯ ಮೇಲೆ ಚುಕ್ಕೆಗಳ ಒಂದು ಜಾಲ ತೆರೆದುಕೊಳ್ಳುತ್ತದೆ. ನಿಮ್ಮ ವೈರಸ್ ಚುಕ್ಕೆಯಿಂದ ಚುಕ್ಕೆಗೆ ಸಾಗಿ, ಅಡ್ಡ ಬಂದ ಫೈರ್‌ವಾಲ್‌ಗಳನ್ನು ಒಡೆದು, ಒಳಗಿನ ಕೋರ್ ತಲುಪಬೇಕು. ಗೆದ್ದರೆ ಮಾಲು ಕೈಗೆ ಬರುತ್ತದೆ. ಅದನ್ನು ಇತರ ಆಟಗಾರರು ನೌಕೆಗಳನ್ನು ಬಲಪಡಿಸುವ ರಿಗ್ ತಯಾರಿಸಲು ಕೊಳ್ಳುತ್ತಾರೆ. ಬೆಲೆ ಕಟ್ಟುವವರು ಕೂಡ ಆಟಗಾರರೇ. ನಲ್‌ಸೆಕ್‌ನ ಮಾಲಿಗೆ ಹೈಸೆಕ್‌ನದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಬೆಲೆ. ಅಲ್ಲಿಗೆ ಹೋಗಿ ಬದುಕಿ ಬರುವವರು ಕಡಿಮೆ ಎಂಬುದೂ ಅದಕ್ಕೊಂದು ಕಾರಣ.

ಹ್ಯಾಕ್ ಮಾಡುವ ಆ ಹೊತ್ತಲ್ಲೇ ಎಲ್ಲ ಅಪಾಯ ಇರುವುದು. ನೌಕೆಯನ್ನು ಕಣ್ಣಿಗೆ ಕಾಣದಂತೆ ಮಾಡುವ ಕ್ಲೋಕ್ ಎಂಬ ಸಾಧನ ಇದೆ. ಆದರೆ ಕ್ಲೋಕ್ ಹಾಕಿಕೊಂಡು ಹ್ಯಾಕ್ ಮಾಡಲು ಆಗುವುದಿಲ್ಲ. ಯಾವುದೇ ವಸ್ತುವಿನ 2,000 ಮೀಟರ್ ಒಳಗೆ ಹೋದರೂ ಕ್ಲೋಕ್ ತಾನಾಗಿ ಬಿದ್ದುಹೋಗುತ್ತದೆ. ಅಂದರೆ ದುಡಿಮೆ ಮಾಡಬೇಕೆಂದರೆ ಬಯಲಿಗೆ ಬರಲೇಬೇಕು. ಜತೆಗೆ ಕಣ್ಣು ಹ್ಯಾಕಿಂಗ್ ಜಾಲದ ಮೇಲೆ ಇರುತ್ತದೆ. ಅನುಭವಿಗಳು ಎರಡು ಮೂರು ಚುಕ್ಕೆ ಒತ್ತಿ, ಒಮ್ಮೆ ಡಿ-ಸ್ಕ್ಯಾನ್ ಒತ್ತಿ, ಮತ್ತೆ ಚುಕ್ಕೆಗೆ ಬರುತ್ತಾರೆ. ಡಿ-ಸ್ಕ್ಯಾನ್ ಎಂದರೆ ಸುತ್ತ 14.3 ಖಗೋಳ ಮಾನದ ಒಳಗೆ ಯಾವ ನೌಕೆಗಳಿವೆ ಎಂದು ತೋರಿಸುವ ಪಟ್ಟಿ. ಒಂದು ಖಗೋಳ ಮಾನ ಸುಮಾರು 15 ಕೋಟಿ ಕಿಲೋಮೀಟರ್. ಕೇಳಲು ಬಹಳ ದೂರ ಅನಿಸುತ್ತದೆ, ಆದರೆ ಬೇಟೆಗಾರನ ನೌಕೆ ಅಷ್ಟು ದೂರವನ್ನು ಕೆಲವೇ ಸೆಕೆಂಡುಗಳಲ್ಲಿ ದಾಟಿ ಬರುತ್ತದೆ.

ನೆಲದ ಮೇಲೆ ಕಾಳು ಹೆಕ್ಕುವ ಹಕ್ಕಿಯನ್ನು ಗಮನಿಸಿ. ತಲೆ ಬಗ್ಗಿಸಿದಾಗ ಹೊಟ್ಟೆ ತುಂಬುತ್ತದೆ, ತಲೆ ಎತ್ತಿದಾಗ ಗಿಡುಗ ಕಾಣುತ್ತದೆ. ಎರಡನ್ನೂ ಒಟ್ಟಿಗೆ ಮಾಡಲು ಬರುವುದಿಲ್ಲ. ಪ್ರಾಣಿಗಳು ಈ ಇಕ್ಕಟ್ಟನ್ನು ಹೇಗೆ ಬಗೆಹರಿಸಿಕೊಳ್ಳುತ್ತವೆ ಎಂದು ಜೀವವಿಜ್ಞಾನಿಗಳು ದಶಕಗಳಿಂದ ಅಳೆದು ನೋಡುತ್ತಿದ್ದಾರೆ. 1985ರಲ್ಲಿ ಸ್ಟೀವನ್ ಲಿಮಾ ಮತ್ತು ಸಂಗಡಿಗರು ಅಮೆರಿಕದ ಬೂದು ಅಳಿಲುಗಳ ಮುಂದೆ ಬಿಸ್ಕತ್ತಿನ ತುಂಡುಗಳನ್ನು ಇಟ್ಟರು. ತುಂಡು ದೊಡ್ಡದಾಗಿದ್ದು ಮರ ಹತ್ತಿರವಿದ್ದರೆ ಅಳಿಲು ಅದನ್ನು ಮರದ ಆಸರೆಗೆ ಒಯ್ದು ತಿನ್ನುತ್ತಿತ್ತು. ತುಂಡು ಸಣ್ಣದಾಗಿದ್ದರೆ, ಅಥವಾ ಮರ ತೀರಾ ದೂರವಿದ್ದರೆ, ಸಾಮಾನ್ಯವಾಗಿ ಅಲ್ಲೇ ಕೂತು ಮುಗಿಸುತ್ತಿತ್ತು. ತಿನ್ನಲು ಹಿಡಿಯುವ ಹೊತ್ತು, ಓಡಾಟದಲ್ಲಿ ಹಾಳಾಗುವ ಹೊತ್ತು, ಬಯಲಿನ ಅಪಾಯ, ಮೂರನ್ನೂ ಅದು ತೂಗಿ ನೋಡುತ್ತಿದೆ ಎಂದಾಯಿತು.

ಆದರೆ ಅಳಿಲಿಗಿಲ್ಲದ ಒಂದು ತೊಡಕು ಆಟಗಾರನಿಗಿದೆ. ಅಳಿಲು ತಿಂದದ್ದು ಹೊಟ್ಟೆಗೆ ಹೋಯಿತು, ಜೀವ ಇರುವವರೆಗೆ ಅದನ್ನು ಯಾರೂ ಕಿತ್ತುಕೊಳ್ಳುವಂತಿಲ್ಲ. ಆಟಗಾರ ಗಳಿಸಿದ್ದು ನೌಕೆಯ ಹೋಲ್ಡಿನಲ್ಲೇ, ಅಂದರೆ ಸರಕು ತುಂಬುವ ಜಾಗದಲ್ಲೇ, ಇರುತ್ತದೆ. ಸಂತೆಯಲ್ಲಿ ದನ ಮಾರಿದ ದುಡ್ಡನ್ನು ಜೇಬಿನಲ್ಲಿಟ್ಟುಕೊಂಡು ಕತ್ತಲಲ್ಲಿ ಊರಿಗೆ ಮರಳುವವನ ಸ್ಥಿತಿ ಇದು. ಬೆಳಿಗ್ಗೆ ಬಂದ ದಾರಿಯೇ, ಕಳ್ಳರೂ ಅಷ್ಟೇ. ಬದಲಾಗಿರುವುದು ಜೇಬು ಮಾತ್ರ.

ಇದನ್ನು ಲೆಕ್ಕದಲ್ಲೇ ನೋಡಬಹುದು. ಸುಮ್ನೆ ಉದಾಹರಣೆಗೆ ಕೆಲವು ಅಂಕಿಗಳನ್ನು ಇಟ್ಟುಕೊಳ್ಳೋಣ. ಒಂದು ತಾಣದಿಂದ ಸರಾಸರಿ 2 ಕೋಟಿ ಐಎಸ್‌ಕೆ ಸಿಗುತ್ತದೆ. ಐಎಸ್‌ಕೆ ಎಂದರೆ ಆ ಆಟದ ಹಣ. ನೌಕೆಯ ಬೆಲೆ 1 ಕೋಟಿ. ಇನ್ನೊಂದು ತಾಣಕ್ಕೆ ಹೋದರೆ ಸಾಯುವ ಸಾಧ್ಯತೆ ನೂರಕ್ಕೆ 5. ಆಗ ಆ ತಾಣದಿಂದ ನಿರೀಕ್ಷಿಸಬಹುದಾದ ಗಳಿಕೆ 2 ಕೋಟಿಯ ನೂರಕ್ಕೆ 95, ಅಂದರೆ 1.9 ಕೋಟಿ. ಇದು ಎಷ್ಟನೇ ತಾಣವಾದರೂ ಅಷ್ಟೇ ಇರುತ್ತದೆ. ನಿರೀಕ್ಷಿತ ನಷ್ಟ ಹಾಗಲ್ಲ. ಹೋಲ್ಡ್ ಖಾಲಿ ಇದ್ದಾಗ ಪಣಕ್ಕಿಟ್ಟಿರುವುದು ನೌಕೆಯ 1 ಕೋಟಿ ಮಾತ್ರ, ಅದರ ನೂರಕ್ಕೆ 5 ಎಂದರೆ 5 ಲಕ್ಷ. ಕಣ್ಣು ಮುಚ್ಚಿಕೊಂಡು ಹೋಗಬಹುದು, ಅಲ್ವಾ? ಹೋಲ್ಡಿನಲ್ಲಿ 20 ಕೋಟಿ ಇದ್ದಾಗ ಪಣ 21 ಕೋಟಿ, ನಿರೀಕ್ಷಿತ ನಷ್ಟ 1.05 ಕೋಟಿ. ಈಗಲೂ ಹೋಗಬಹುದು. 37 ಕೋಟಿ ಆದಾಗ ಎರಡೂ ಸರಿಸಮ. ಅಲ್ಲಿಂದ ಮುಂದೆ ಪ್ರತಿ ತಾಣವೂ ಲೆಕ್ಕದ ಪ್ರಕಾರ ನಷ್ಟದ ಬಾಬ್ತು.

ಸಾಯುವ ಸಾಧ್ಯತೆ ನೂರಕ್ಕೆ 10 ಆದರೆ ಈ ಗಡಿ 37ರಿಂದ 17 ಕೋಟಿಗೆ ಇಳಿಯುತ್ತದೆ. ನೂರಕ್ಕೆ 20 ಆದರೆ ಬರೀ 7 ಕೋಟಿ. (ಮನೆಗೆ ಮರಳುವ ದಾರಿಯ ಅಪಾಯವನ್ನು ಬಿಟ್ಟಿದ್ದೇನೆ. ಈಗ ತಿರುಗಿದರೂ ಆಮೇಲೆ ತಿರುಗಿದರೂ ಅದು ಇದ್ದೇ ಇರುತ್ತದೆ, ಹಾಗಾಗಿ ಗಡಿ ಹೆಚ್ಚು ಬದಲಾಗುವುದಿಲ್ಲ.) ತಾಣಗಳು ಮೊದಲಿನಷ್ಟೇ ಸುಲಭ, ಬೇಟೆಗಾರರು ಮೊದಲಿನಷ್ಟೇ ಜನ, ನಿಮ್ಮ ಕೈಚಳಕವೂ ಅಷ್ಟೇ. ಆದರೂ ಒಂದು ಹಂತದ ನಂತರ ಅದೇ ಕೆಲಸ ತಪ್ಪು ಕೆಲಸವಾಗುತ್ತದೆ. ನಿಮ್ಮ ಯಶಸ್ಸೇ ಆ ಜಾಗವನ್ನು ಅಪಾಯಕಾರಿ ಮಾಡಿರುತ್ತದೆ.

ನಮ್ಮ ಮನಸ್ಸು ಇದಕ್ಕೆ ಸರಿಯಾಗಿ ಉಲ್ಟಾ ಓಡುತ್ತದೆ. 1990ರಲ್ಲಿ ಸಂಶೋಧಕರಾದ ರಿಚರ್ಡ್ ಥೇಲರ್ ಮತ್ತು ಎರಿಕ್ ಜಾನ್ಸನ್ ಜೂಜಿನ ಪ್ರಯೋಗಗಳಿಂದ ಎರಡು ಸಂಗತಿ ತೋರಿಸಿದರು. ಈಗಷ್ಟೇ ಗೆದ್ದ ಹಣವನ್ನು ಜನ ತಮ್ಮದು ಎಂದುಕೊಳ್ಳುವುದಿಲ್ಲ, ಅದನ್ನಿಟ್ಟು ಇನ್ನೂ ಧೈರ್ಯವಾಗಿ ಆಡುತ್ತಾರೆ. ಸೋತವರು ಸಾಮಾನ್ಯವಾಗಿ ಹಿಂಜರಿಯುತ್ತಾರೆ, ಆದರೆ ಒಂದೇ ಏಟಿಗೆ ಕಳೆದದ್ದನ್ನೆಲ್ಲ ಮರಳಿ ಪಡೆಯುವ ಅವಕಾಶ ಕಂಡರೆ ಅದಕ್ಕೆ ಮುಗಿಬೀಳುತ್ತಾರೆ. ನಲ್‌ಸೆಕ್‌ನಲ್ಲಿ ಎರಡನ್ನೂ ದಿನಾ ಕಾಣಬಹುದು. ಹೋಲ್ಡ್ ತುಂಬಿದವನಿಗೆ "ಇನ್ನೊಂದೇ ಒಂದು ಸೈಟ್" ಎನಿಸುತ್ತದೆ. ನೌಕೆ ಕಳೆದುಕೊಂಡವನು ಐದೇ ನಿಮಿಷದಲ್ಲಿ ಇನ್ನೊಂದು ನೌಕೆ ಕೊಂಡು ಮತ್ತದೇ ಮಂಡಲಕ್ಕೆ ನುಗ್ಗುತ್ತಾನೆ, ಹೊಡೆದವನು ಇನ್ನೂ ಅಲ್ಲೇ ಕಾಯುತ್ತಿರುತ್ತಾನೆ.

ನಷ್ಟದಲ್ಲಿದ್ದಾಗ ದುಡುಕುವುದು ಯಾವಾಗಲೂ ಮೂರ್ಖತನ ಎಂದು ಹೇಳಲಾರೆ. ಜೀವವಿಜ್ಞಾನಿ ಥಾಮಸ್ ಕರಾಕೊ ಮತ್ತು ಸಂಗಡಿಗರು 1980ರಲ್ಲಿ ಹಳದಿ ಕಣ್ಣಿನ ಜಂಕೋ ಎಂಬ ಪುಟ್ಟ ಹಕ್ಕಿಗಳಿಗೆ ಎರಡು ಆಯ್ಕೆ ಕೊಟ್ಟರು. ಒಂದು ಕಡೆ ಪ್ರತಿ ಸಲವೂ ಖಚಿತವಾಗಿ ಇಷ್ಟು ಕಾಳು. ಇನ್ನೊಂದು ಕಡೆ ಒಮ್ಮೆ ಜಾಸ್ತಿ, ಒಮ್ಮೆ ಏನೂ ಇಲ್ಲ, ಸರಾಸರಿ ಮಾತ್ರ ಅಷ್ಟೇ. ಹೊಟ್ಟೆಗೆ ಸಾಕಷ್ಟು ಸಿಗುತ್ತಿದ್ದ ಹಕ್ಕಿಗಳು ಖಚಿತವಾದದ್ದರ ಕಡೆಗೆ ವಾಲಿದವು, ಹಸಿದವು ಅನಿಶ್ಚಿತವಾದದ್ದರ ಕಡೆಗೆ. ಹಕ್ಕಿಯ ಮಟ್ಟಿಗೆ ಇದು ಜಾಣತನವೇ. ಖಚಿತವಾಗಿ ಸಿಗುವ ಕಾಳು ರಾತ್ರಿ ಕಳೆಯಲು ಸಾಲದಿದ್ದರೆ ಜೂಜಾಡುವುದೇ ಬದುಕುವ ದಾರಿ. ಆಟಗಾರನಿಗೆ ಅಂಥ ರಾತ್ರಿ ಇಲ್ಲ. ಇವತ್ತೇ ನಷ್ಟ ತುಂಬಿಸಿಕೊಳ್ಳದಿದ್ದರೆ ಅವನು ಉಪವಾಸ ಸಾಯುವುದಿಲ್ಲ. ಆದರೆ ಅವನ ಮನಸ್ಸು ಮಾತ್ರ ಹಸಿದ ಜಂಕೋದಂತೆಯೇ ವರ್ತಿಸುತ್ತದೆ.

ಮೇಲಿನ ಲೆಕ್ಕದಲ್ಲಿ ನೂರಕ್ಕೆ 5 ಎಂದು ಸಲೀಸಾಗಿ ಬರೆದುಬಿಟ್ಟೆ. ಆ ಅಂಕಿಯನ್ನು ಅಂದಾಜು ಮಾಡುವುದೇ ನಿಜವಾದ ಕಷ್ಟ. ಆಟದ ನಕ್ಷೆಯಲ್ಲಿ ಕಳೆದ 24 ಗಂಟೆಯಲ್ಲಿ ಎಲ್ಲೆಲ್ಲಿ ಎಷ್ಟು ನೌಕೆ ಒಡೆದವು ಎಂದು ನೋಡಬಹುದು. ಇಬ್ಬರು ಸತ್ತ ಜಾಗ ಇಪ್ಪತ್ತು ಜನ ಸತ್ತ ಜಾಗಕ್ಕಿಂತ ಸುರಕ್ಷಿತ ಎನಿಸುತ್ತದೆ. ಆದರೆ ಮೊದಲನೆಯದಕ್ಕೆ ಹೋದವರೇ ನಾಲ್ಕು ಜನ, ಎರಡನೆಯದಕ್ಕೆ ಎರಡು ಸಾವಿರ ಎಂದಾದರೆ? ಸತ್ತವರ ಜತೆಗೆ ಹಾದುಹೋದವರ ಲೆಕ್ಕವನ್ನೂ ನೋಡಲೇಬೇಕು. ಅದೂ ಅದೇ ನಕ್ಷೆಯಲ್ಲಿದೆ.

ಡಿ-ಸ್ಕ್ಯಾನ್ ಖಾಲಿ ಇದ್ದರೆ ಯಾರೂ ಇಲ್ಲ ಎಂದೂ ಅಲ್ಲ, ಕ್ಲೋಕ್ ಹಾಕಿದ ನೌಕೆ ಅದರಲ್ಲಿ ಕಾಣುವುದಿಲ್ಲ. ನಲ್‌ಸೆಕ್‌ನಲ್ಲಿ ಇನ್ನೊಂದು ಆಸರೆ ಇದೆ. ಮಂಡಲದೊಳಗೆ ಯಾರು ಬಂದರೂ ಲೋಕಲ್ ಎಂಬ ಚಾಟ್ ಪಟ್ಟಿಯಲ್ಲಿ ಹೆಸರು ಮೂಡುತ್ತದೆ. ವರ್ಮ್‌ಹೋಲ್ ಎಂದರೆ ಎರಡು ಮಂಡಲಗಳ ನಡುವೆ ತೆರೆದುಕೊಂಡು ಕೆಲ ಹೊತ್ತಿಗೆ ಮುಚ್ಚಿಹೋಗುವ ಸುರಂಗ. ಅದರ ಮೂಲಕ ಮಾತ್ರ ತಲುಪಬಹುದಾದ ವರ್ಮ್‌ಹೋಲ್ ಮಂಡಲಗಳನ್ನು 2009ರ ಮಾರ್ಚ್‌ನಲ್ಲಿ ಆಟಕ್ಕೆ ಸೇರಿಸಿದರು, ಅಲ್ಲಿ ಆ ಆಸರೆಯೂ ಇಲ್ಲ. ಬಾಯಿ ಬಿಟ್ಟವನ ಹೆಸರು ಮಾತ್ರ ಅಲ್ಲಿ ಕಾಣುತ್ತದೆ. ಬೇಟೆಗಾರ ಯಾಕೆ ಬಾಯಿ ಬಿಡುತ್ತಾನೆ? ವರ್ಮ್‌ಹೋಲ್‌ನಲ್ಲಿ ಖಾಲಿ ಪರದೆ ಕೊಡುವ ಮಾಹಿತಿ ಬಹಳ ಕಡಿಮೆ ಎಂದೇ ಇಟ್ಟುಕೊಳ್ಳಬೇಕು.

ಅಪಾಯ ಜಾಗಕ್ಕೆ ಅಂಟಿಕೊಂಡಿರುವ ಗುಣವೂ ಅಲ್ಲ. ಕೇಟಿಯಾ ಸೇ ಎಂಬ ಪಾತ್ರದಲ್ಲಿ ಆಡುವ ಆಟಗಾರರೊಬ್ಬರು ಒಂಬತ್ತು ವರ್ಷಕ್ಕೂ ಮಿಕ್ಕಿ ತಿರುಗಿ, 2019ರಲ್ಲಿ ಎಲ್ಲ 7,805 ಮಂಡಲಗಳನ್ನೂ ನೋಡಿ ಮುಗಿಸಿದರು. ಒಂದೇ ಒಂದು ನೌಕೆಯನ್ನೂ ಕಳೆದುಕೊಳ್ಳಲಿಲ್ಲ. ಕಂಪನಿಯವರು ಸೈಸಿಯೋ ಎಂಬ ಮಂಡಲದಲ್ಲಿ ಅವರ ಪ್ರತಿಮೆ ನಿಲ್ಲಿಸಿದರು. ಸಾವಿರಾರು ಜನ ಸಾಯುವ ಜಾಗಗಳಲ್ಲೇ ಅವರೂ ಓಡಾಡಿದ್ದು. ಹೇಗೆ ಹಾರುತ್ತೀರಿ, ಎಷ್ಟು ಹೊತ್ತು ಕಾಯುತ್ತೀರಿ, ಯಾವ ಹೊತ್ತಿಗೆ ಹೋಗುತ್ತೀರಿ ಎಂಬುದರ ಮೇಲೆ ಸಾಯುವ ಸಾಧ್ಯತೆ ಏರಿಳಿಯುತ್ತದೆ. ಹೊತ್ತಿನ ವಿಷಯದಲ್ಲಿ ಭಾರತದಲ್ಲಿರುವವರಿಗೆ ಒಂದು ಅನುಕೂಲ ಇದೆ. ಸರ್ವರನ್ನು ದಿನಾ ನಮ್ಮ ಸಂಜೆ 4:30ಕ್ಕೆ ಸ್ವಲ್ಪ ಹೊತ್ತು ನಿಲ್ಲಿಸುತ್ತಾರೆ. ಅದಕ್ಕೆ ಮುಂಚಿನ ಒಂದೆರಡು ಗಂಟೆಯಲ್ಲಿ ಯುರೋಪಿನವರು ಬೆಳಗಿನ ಕೆಲಸಕ್ಕೆ ಹೋಗಿರುತ್ತಾರೆ, ಅಮೆರಿಕದವರು ಮಲಗಿರುತ್ತಾರೆ. ಬೇಟೆಗಾರರು ಕಡಿಮೆ.

ಇನ್ನೊಂದು ಕೊರತೆಯೂ ಆ ಲೆಕ್ಕದಲ್ಲಿದೆ. 37 ಕೋಟಿ ಎಂಬ ಗಡಿ ಹೊಸಬನಿಗೂ ಹಳಬನಿಗೂ ಒಂದೇ ಹೇಗಾದೀತು? ಇದಕ್ಕೆ ಉತ್ತರ ಕೊಟ್ಟವನು ಗಣಿತಜ್ಞ ಡೇನಿಯಲ್ ಬರ್ನೂಲಿ, ಅದೂ 1738ರಲ್ಲಿ, ಹಡಗುಗಳದ್ದೇ ಉದಾಹರಣೆ ಇಟ್ಟುಕೊಂಡು. ಸೆಂಪ್ರೋನಿಯಸ್ ಎಂಬ ಕಾಲ್ಪನಿಕ ವ್ಯಾಪಾರಿಯ ಬಳಿ ಮನೆಯಲ್ಲಿ 4,000 ಡುಕಾಟ್ (ಆಗಿನ ಚಿನ್ನದ ನಾಣ್ಯ) ಇದೆ. 8,000 ಡುಕಾಟ್ ಬೆಲೆಯ ಸರಕು ಹೊರದೇಶದಲ್ಲಿದೆ, ಸಮುದ್ರದ ಮೇಲೆ ತರಬೇಕು. ಹತ್ತು ಹಡಗಿಗೆ ಒಂದು ಮುಳುಗುತ್ತದೆ. ಒಂದೇ ಹಡಗಿನಲ್ಲಿ ತಂದರೂ ಎರಡರಲ್ಲಿ ಹಂಚಿ ತಂದರೂ ಸರಾಸರಿ ಲೆಕ್ಕಕ್ಕೆ ಸಿಗುವುದು 7,200 ಡುಕಾಟ್. ಆದರೆ ಇರುವ ಆಸ್ತಿ ಹೆಚ್ಚಿದಂತೆ ಒಂದೊಂದು ಹೊಸ ಡುಕಾಟಿನ ಬೆಲೆ ಮನುಷ್ಯನಿಗೆ ಕಡಿಮೆಯಾಗುತ್ತದೆ ಎಂಬುದು ಬರ್ನೂಲಿಯ ವಾದ. ಹಾಗೆ ಅಳೆದಾಗ ಒಂದೇ ಹಡಗಿನ ಸರಕು ಸೆಂಪ್ರೋನಿಯಸ್‌ಗೆ 6,751 ಡುಕಾಟಿಗೆ ಸಮ. ಎರಡು ಹಡಗಿಗೆ ಹಂಚಿದರೆ 7,033. ಸರಕೂ ಅದೇ, ಸಮುದ್ರವೂ ಅದೇ, ಸುಮ್ಮನೆ ಹಂಚಿದ್ದರಿಂದಲೇ 282 ಡುಕಾಟಿನಷ್ಟು ಲಾಭ. ಕಳೆದುಕೊಂಡರೆ ತಡೆದುಕೊಳ್ಳಲಾಗದ ನೌಕೆಯನ್ನು ಹಾರಿಸಬೇಡ ಎಂದು ಈವ್‌ನಲ್ಲಿ ಪ್ರತಿ ಹೊಸಬನಿಗೂ ಹೇಳಿಕೊಡುತ್ತಾರಲ್ಲ, ಅದರ ಹಿಂದೆ ಇರುವ ಗಣಿತ ಇದೇ.

ಒಬ್ಬನೇ ಆಡುವವನಿಗೆ ಒಂದೇ ಹೊತ್ತಿಗೆ ಎರಡು ನೌಕೆ ಎಲ್ಲಿಂದ ಬರಬೇಕು? ಅವನು ಸರಕನ್ನು ಹೊತ್ತುಹೊತ್ತಿಗೆ ಹಂಚಬಹುದು. ಅಲೆಯುತ್ತಾ ಹೋದಾಗ ಎಷ್ಟೋ ಸಲ ಹೈಸೆಕ್‌ಗೆ ತೆರೆದುಕೊಳ್ಳುವ ವರ್ಮ್‌ಹೋಲ್ ಸಿಗುತ್ತದೆ. ಹೋಲ್ಡಿನಲ್ಲಿ 10 ಕೋಟಿ ಇದ್ದಾಗಲೇ ಅಂಥದ್ದೊಂದು ಸಿಕ್ಕಿತೆಂದರೆ, ಗಡಿ ಇನ್ನೂ ದೂರ ಇದೆಯಲ್ಲ ಎಂದು ಮುಂದೆ ಹೋಗುವವರೇ ಜಾಸ್ತಿ. ಹೊರಗೆ ಹೋಗಿ ಹತ್ತಿರದ ಸ್ಟೇಷನ್ನಿನಲ್ಲಿ ಮಾಲು ಇಳಿಸಿ ಬರಲು ಹತ್ತು ಹದಿನೈದು ನಿಮಿಷ ಬೇಕಾಗಬಹುದು. ಆದರೆ ಇಳಿಸಿದ ಕೂಡಲೇ ಪಣ 11 ಕೋಟಿಯಿಂದ 1 ಕೋಟಿಗೆ ಬರುತ್ತದೆ. ನೂರಕ್ಕೆ 20 ಅಪಾಯ ಇದೆ ಎಂದು ಬಿಟ್ಟುಬಂದಿದ್ದ ತಾಣದ ಲೆಕ್ಕವನ್ನು ಈಗ ಮತ್ತೆ ಹಾಕಿ ನೋಡಿ. ಗಳಿಕೆ 1.6 ಕೋಟಿ, ನಷ್ಟ 20 ಲಕ್ಷ. ಅರ್ಧ ಗಂಟೆಯ ಹಿಂದೆ ಆ ತಾಣಕ್ಕೆ ಹೋಗುವುದು ತಪ್ಪಾಗುತ್ತಿತ್ತು. ಈಗ ಆ ವರ್ಮ್‌ಹೋಲ್ ಮುಚ್ಚುವ ಮೊದಲು ವಾಪಸ್ಸು ಹೋಗಿ ಅದನ್ನು ಹ್ಯಾಕ್ ಮಾಡದಿದ್ದರೆ ತಪ್ಪು.