ಶನಿವಾರ ಸಂಜೆ ಹೋದ ರೊಕ್ಕ, ಸೋಮವಾರ ಕೊಟ್ಟ ಅರ್ಜಿ

ಜೇವರ್ಗಿ ಕಡೆಯ ರೈತರೊಬ್ಬರು ಕಲಬುರಗಿಯ ನನ್ನ ಆಫೀಸಿಗೆ ಬಂದಿದ್ದರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಅದರೊಳಗೆ ಒಂದೇ ಅರ್ಜಿಯ ಐದು ಝೆರಾಕ್ಸ್, ಎರಡು ಸ್ಪೀಡ್ ಪೋಸ್ಟ್ ರಸೀದಿ. ಒಂದು ಅರ್ಜಿ ದಿಲ್ಲಿಗೇ ಹೋಗಿತ್ತು. "ಎಲ್ಲಾ ಕಡೆ ಕೊಟ್ಟೀನ್ರಿ ವಕೀಲ್ ಸಾಹೇಬ್ರ, ಯಾರೂ ಏನೂ ಹೇಳವಲ್ರು" ಅಂದರು.

ತೊಗರಿ ಮಾರಿದ ರೊಕ್ಕ ಖಾತೆಗೆ ಬಂದು ವಾರ ಆಗಿತ್ತಂತೆ. ವಾಟ್ಸ್ಆಪ್‌ಗೆ 'ಪಿಎಂ ಕಿಸಾನ್ ಪಟ್ಟಿ' ಅಂತ ಒಂದು ಫೈಲ್ ಬಂತು. ಹೆಸರಿನ ಕೊನೆಗೆ ಎಪಿಕೆ ಅಂತಿತ್ತು. ಒತ್ತಿದರು, ಅದು ಕೇಳಿದ್ದಕ್ಕೆಲ್ಲ 'ಅಲೋ' ಕೊಟ್ಟರು. ಅದು ಪಟ್ಟಿಯಲ್ಲ, ಆಪ್. ಮೊಬೈಲಿಗೆ ಬರುವ ಮೆಸೇಜನ್ನೆಲ್ಲ, ಓಟಿಪಿ ಸಮೇತ, ಕಳ್ಳನಿಗೆ ದಾಟಿಸುತ್ತದೆ. ಅವತ್ತು ಸಂಜೆ ಆರರ ಹೊತ್ತಿಗೆ ಎರಡು ಕಂತಿನಲ್ಲಿ 84,000 ರೂಪಾಯಿ ಹೋಯಿತು. ಎರಡನೇ ಶನಿವಾರ, ಬ್ಯಾಂಕ್ ಬಂದ್. ಮರುದಿನ ಭಾನುವಾರ. ಸೋಮವಾರ ಹತ್ತಕ್ಕೆ ಇವರು ಬ್ಯಾಂಕಿನ ಬಾಗಿಲಲ್ಲಿ ನಿಂತಾಗ ನಲವತ್ತು ತಾಸು ಕಳೆದಿತ್ತು.

ಅವರ ತಪ್ಪು ಅಂತ ನಾನು ಹೇಳುವುದಿಲ್ಲ. ಏನಾದರೂ ಆದರೆ ಅರ್ಜಿ ಬರೆ, ಸಾಹೇಬರಿಗೆ ಕೊಡು ಅಂತಲೇ ನಮಗೆಲ್ಲ ರೂಢಿ. ಆದರೆ ಈ ಕಳ್ಳತನದಲ್ಲಿ ಅರ್ಜಿ ಮೊದಲ ಕೆಲಸವಲ್ಲ. ಮೊದಲ ಕೆಲಸ 1930ಕ್ಕೆ ಫೋನ್ ಮಾಡುವುದು. ಅದಕ್ಕೆ ಶನಿವಾರ, ಭಾನುವಾರ ಅಂತಿಲ್ಲ.

ಈ ನಂಬರ್ ಕೇಂದ್ರ ಗೃಹ ಇಲಾಖೆಯ ವ್ಯವಸ್ಥೆ. 2021ರಲ್ಲಿ ಶುರುವಾದಾಗ 155260 ಅಂತಿತ್ತು, ಆಮೇಲೆ ನೆನಪಿಡಲು ಸುಲಭವಾಗಲಿ ಅಂತ 1930 ಆಯಿತು. ಅಲ್ಲಿ ಫೋನ್ ಎತ್ತಿದವರು ನಿಮ್ಮ ಕಥೆಗಿಂತ ಜಾಸ್ತಿ ನಿಮ್ಮ ನಂಬರುಗಳನ್ನು ಕೇಳುತ್ತಾರೆ. ಯಾವ ಖಾತೆಯಿಂದ ಹೋಯಿತು, ಎಷ್ಟು, ಎಷ್ಟು ಗಂಟೆಗೆ, ಯುಟಿಆರ್ ಎಷ್ಟು. ಯುಟಿಆರ್ ಅಂದರೆ ಆ ವ್ಯವಹಾರದ ಗುರುತಿನ ಸಂಖ್ಯೆ. ಯುಪಿಐ ಆದರೆ 12 ಅಂಕಿ, ಆಪ್‌ನ ಹಿಸ್ಟರಿಯಲ್ಲೇ ಸಿಗುತ್ತದೆ. ನಮ್ಮ ರೈತರ ಅರ್ಜಿ ಎರಡೂವರೆ ಪುಟ ಇತ್ತು. ಮಗಳ ಮದುವೆ ಇತ್ತು, ಬಡ್ಡಿ ಸಾಲ ಇತ್ತು, ಯುಟಿಆರ್ ಒಂದು ಇರಲಿಲ್ಲ.

ಆ ನಂಬರ್ ಯಾಕೆ ಅಷ್ಟು ಮುಖ್ಯ? ಕದ್ದ ರೊಕ್ಕ ಒಂದೇ ಕಡೆ ಕೂರುವುದಿಲ್ಲ. ಮೊದಲು ಯಾರದೋ ಬಾಡಿಗೆ ಖಾತೆಗೆ ಹೋಗುತ್ತದೆ. ಅಲ್ಲಿಂದ ನಾಲ್ಕು ಪಾಲಾಗಿ ನಾಲ್ಕು ಬ್ಯಾಂಕಿಗೆ, ಅಲ್ಲಿಂದ ಎಟಿಎಂಗೆ. ದೂರು ದಾಖಲಾದ ಕೂಡಲೇ ಅದು ಮೊದಲ ಬ್ಯಾಂಕಿನ ಕಂಪ್ಯೂಟರಿಗೆ ಹೋಗುತ್ತದೆ. ರೊಕ್ಕ ಅಲ್ಲೇ ಉಳಿದಿದ್ದರೆ ಹೋಲ್ಡ್ ಮಾಡುತ್ತಾರೆ. ದಾಟಿದ್ದರೆ ಮುಂದಿನ ಬ್ಯಾಂಕಿನ ಹೆಸರು ಹಚ್ಚಿ ದೂರನ್ನು ಮುಂದೆ ತಳ್ಳುತ್ತಾರೆ. ರೊಕ್ಕದ ಬೆನ್ನಿಗೆ ದೂರು ಓಡುತ್ತದೆ ಅನ್ನಿ. ಯಾರಾದರೂ ಎಟಿಎಂನಿಂದ ನೋಟು ಎಣಿಸಿಕೊಂಡು ಹೋದರೆ ಆ ಓಟ ಅಲ್ಲಿಗೆ ಮುಗೀತು.

ಲೈನ್ ಬಿಜಿ ಬಂದರೆ ಸುಮ್ನೆ ಕೂರಬೇಡಿ. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಪೋರ್ಟಲ್‌ನಲ್ಲಿ ನೇರವಾಗಿ ದೂರು ಹಾಕಬಹುದು. ಫೋನಿನಲ್ಲಿ ಕೊಟ್ಟವರಿಗೂ ಮೆಸೇಜಿನಲ್ಲಿ ಒಂದು ನಂಬರ್ ಬರುತ್ತದೆ. 24 ತಾಸಿನೊಳಗೆ ಅದನ್ನು ಹಿಡಿದು ಅದೇ ಪೋರ್ಟಲ್‌ನಲ್ಲಿ ಪೂರ್ತಿ ವಿವರ ತುಂಬಬೇಕು. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಮತ್ತೆ, ಗೂಗಲ್‌ನಲ್ಲಿ 'ಸೈಬರ್ ಸೆಲ್ ನಂಬರ್' ಅಂತ ಹುಡುಕಬೇಡಿ. ಹೋದ ರೊಕ್ಕ ವಾಪಸ್ ಕೊಡಿಸ್ತೀವಿ, ಫೀಸು ಮೊದಲು ಹಾಕಿ ಅನ್ನುವ ಇನ್ನೊಂದು ಕಳ್ಳರ ಗುಂಪು ಅಲ್ಲೇ ಕಾದಿರುತ್ತದೆ.

ಬ್ಯಾಂಕಿಗೂ ಅದೇ ಹೊತ್ತಿಗೆ ಅದರ ಸ್ವಂತ ಸಹಾಯವಾಣಿಯಲ್ಲಿ ತಿಳಿಸಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. 2017ರ ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆ ಪ್ರಕಾರ, ಓಟಿಪಿ ನೀವೇ ಹೇಳಿದ್ದರೂ ಬ್ಯಾಂಕಿಗೆ ತಿಳಿಸುವ ತನಕದ ನಷ್ಟ ಮಾತ್ರ ನಿಮ್ಮದು. ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನ ತಲೆಗೆ. ನಿಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೆ ಮೂರನೆಯವರಿಂದ ಆದದ್ದಾದರೆ, ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಿಮ್ಮ ಮೇಲೆ ನಷ್ಟವೇ ಇಲ್ಲ. ಕೌಂಟರಿನಲ್ಲಿ ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ, ಅಲ್ವಾ?

ಇಷ್ಟಾದ ಮೇಲೆ ಠಾಣೆ. ಪೋರ್ಟಲ್ ಕೊಡುವ ನಂಬರ್ ಎಫ್ಐಆರ್ ಅಲ್ಲ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆ ಸೆನ್ ಠಾಣೆ ಇದೆ. ಸೈಬರ್, ಆರ್ಥಿಕ ಅಪರಾಧ, ಮಾದಕ ವಸ್ತು ಮೂರನ್ನೂ ನೋಡುವ ಠಾಣೆ ಅದು. ಬ್ಯಾಂಕ್ ಸ್ಟೇಟ್‌ಮೆಂಟ್, ಸ್ಕ್ರೀನ್‌ಶಾಟ್, ಪೋರ್ಟಲ್ ನಂಬರ್ ತಗೊಂಡು ಹೋಗಿ. ಆ ಎಪಿಕೆ ಬಂದ ಚಾಟ್ ಅಳಿಸಬೇಡಿ. ಮಗ ಸಿಟ್ಟಿಗೆದ್ದು ಮೊಬೈಲ್ ಪೂರ್ತಿ ರೀಸೆಟ್ ಮಾಡಿ ತಂದುಕೊಟ್ಟ ಕೇಸುಗಳೂ ನನ್ನ ಹತ್ತಿರ ಇವೆ. ನೆಟ್ ಬಂದ್ ಮಾಡಿ ಇಟ್ಟರೆ ಸಾಕು. ಇನ್ನು ವಕೀಲರ ಹತ್ತಿರ ಬರುವುದು ಇದೆಲ್ಲ ಆದ ಮೇಲೆ. ಹೀಗೆ ಬರೆದು ನನ್ನ ಹೊಟ್ಟೆಗೆ ನಾನೇ ಹೊಡೆದುಕೊಳ್ಳುತ್ತಿದ್ದೇನೆ, ಇರಲಿ.

ರೊಕ್ಕ ಹೋಗಿಲ್ಲ, ಮೋಸದ ಫೋನ್ ಮಾತ್ರ ಬಂತು ಅಂದರೆ 1930 ಬೇಡ. ಆ ಲೈನ್ ಬೇರೆಯವರಿಗೆ ಬಿಡಿ. ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ಇಂಥ ಕರೆ, ಮೆಸೇಜಿನ ಬಗ್ಗೆ ತಿಳಿಸಲು 'ಚಕ್ಷು' ಅಂತ ಇದೆ, 2024ರ ಮಾರ್ಚ್‌ನಿಂದ. 'ನಾನು ಸಿಬಿಐ, ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ' ಅನ್ನುವ ಕರೆಗೆ ಅದೇ ಜಾಗ. ಅಂದಹಾಗೆ ಡಿಜಿಟಲ್ ಅರೆಸ್ಟ್ ಅನ್ನುವುದು ನಮ್ಮ ಯಾವ ಕಾನೂನಿನಲ್ಲೂ ಇಲ್ಲ. ಬರೀ ಸಾಲ ಬೇಕಾ, ಪ್ಲಾಟ್ ಬೇಕಾ ಅನ್ನುವ ಕಿರಿಕಿರಿಯಾದರೆ 1909ಕ್ಕೆ ಅಥವಾ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್‌ನ ಡಿಎನ್‌ಡಿ (ಬೇಡದ ಕರೆ ತಡೆಯುವ) ಆಪ್‌ನಲ್ಲಿ ದೂರು. ಮೊದಲು ಮೂರು ದಿನದೊಳಗೆ ಹೇಳಬೇಕಿತ್ತು, 2025ರಲ್ಲಿ ಅದನ್ನು ಏಳು ದಿನ ಮಾಡಿದರು.

ಇದರ ಇನ್ನೊಂದು ಮಗ್ಗಲೂ ಇದೆ. ಕಲಬುರಗಿಯ ಸೂಪರ್ ಮಾರ್ಕೆಟ್ ಅನ್ನುವ ಪೇಟೆ ಕಡೆಯ ಕಿರಾಣಿ ಅಂಗಡಿಯವರೊಬ್ಬರ ಖಾತೆ ಒಂದು ಮುಂಜಾನೆ ಪೂರ್ತಿ ಬಂದ್. ಯಾರೋ 2,300 ರೂಪಾಯಿಯ ಎಣ್ಣೆ, ಬೇಳೆ ತಗೊಂಡು ಯುಪಿಐ ಮಾಡಿದ್ದರು. ಅದು ಇನ್ನೊಂದು ರಾಜ್ಯದಲ್ಲಿ ಕದ್ದ ರೊಕ್ಕ. ಹೀಗಾದರೆ ಬ್ಯಾಂಕಿನವರ ಜೊತೆ ಜಗಳ ತೆಗೆದು ಉಪಯೋಗವಿಲ್ಲ. ದೂರಿನ ನಂಬರ್, ಯಾವ ಠಾಣೆ, ಎಷ್ಟು ಮೊತ್ತ, ಈ ಮೂರನ್ನು ಬರವಣಿಗೆಯಲ್ಲಿ ಕೇಳಿ ತಗೊಳ್ಳಿ. ಬಿಲ್ಲು ಲಗತ್ತಿಸಿ ಆ ತನಿಖಾಧಿಕಾರಿಗೆ ಬರೆಯಿರಿ. ತಕರಾರಿನ ಮೊತ್ತವಷ್ಟೇ ಹಿಡಿದಿಟ್ಟು ಉಳಿದದ್ದು ಬಿಡಿ ಅಂತ ಕೇಳಿ. ಅಂಗಡಿಯವರು ಹಳೆಯ ಬಿಲ್ಲು ಇಟ್ಟಿದ್ದರು, ಅದೇ ಕೈ ಹಿಡಿಯಿತು.

ಜೇವರ್ಗಿಯವರ 84,000ದಲ್ಲಿ ಮೂರನೇ ಬ್ಯಾಂಕಿನಲ್ಲಿ 11,400 ರೂಪಾಯಿ ಸಿಕ್ಕಿಬಿದ್ದಿತ್ತು. ಅದು ತಾನಾಗಿ ವಾಪಸ್ ಬರಲಿಲ್ಲ. ಎಫ್ಐಆರ್ ಆದ ಮೇಲೆ ನ್ಯಾಯಾಲಯಕ್ಕೆ ಬಿಡುಗಡೆ ಅರ್ಜಿ ಹಾಕಿದೆವು, ಪೊಲೀಸರ ವರದಿ ಬಂತು, ರೈತರು ಬಾಂಡ್ ಬರೆದುಕೊಟ್ಟರು, ಆದೇಶದ ಪ್ರತಿಯನ್ನು ಬ್ಯಾಂಕಿಗೆ ಮುಟ್ಟಿಸಿದೆವು. ಐದು ತಿಂಗಳು ಹಿಡಿಯಿತು. ರೊಕ್ಕ ಜಮಾ ಆದ ಮೆಸೇಜ್ ಬಂದ ದಿನ ಅವರು ನನಗೆ ಫೋನ್ ಮಾಡಿ ಮೊದಲು ಕೇಳಿದ್ದು, "ಇದು ಖರೇನೇ ಬ್ಯಾಂಕಿಂದೇನ್ರಿ, ಒತ್ತಲೋ ಬ್ಯಾಡೋ?"