ಕುಂಬಳದ ಬಳ್ಳಿ ತುಂಬ ಹೂವು, ಕಾಯಿ ಮಾತ್ರ ಕಚ್ಚುತ್ತಿಲ್ಲ. ಏಕೆ?

ಪ್ರಶ್ನೆ: ಮಹಡಿಯ ಮೇಲೆ ಚೀಲದಲ್ಲಿ ಸಿಹಿಗುಂಬಳ ಹಾಕಿದ್ದೇನೆ. ಬಳ್ಳಿ ಸೊಂಪಾಗಿ ಹಬ್ಬಿದೆ. ದಿನವೂ ನಾಲ್ಕೈದು ಹೂವು ಅರಳಿ ಮರುದಿನ ಉದುರುತ್ತವೆ. ಈಚೆಗೆ ಕಂಡ ಎರಡು ಹೀಚುಗಳೂ ಹಳದಿಯಾಗಿ ಕೊಳೆತವು. ಯಾವ ಔಷಧ ಹೊಡೆಯಲಿ?

ಉತ್ತರ: ಯಾವುದನ್ನೂ ಹೊಡೆಯಬೇಡಿ. ನಾಳೆ ಬೆಳಿಗ್ಗೆ ಹೂವಿನ ಮುಖ ಬಿಟ್ಟು ಕತ್ತು ನೋಡಿ. ಉದ್ದನೆಯ ಸಪೂರ ತೊಟ್ಟಿನ ಮೇಲೆ ನೆಟ್ಟಗೆ ನಿಂತಿದ್ದರೆ ಅದು ಗಂಡು ಹೂವು. ತೊಟ್ಟು ಗಿಡ್ಡವಾಗಿದ್ದು, ದಳಗಳ ಬುಡದಲ್ಲಿ ಗೋಲಿಯಂಥ ಹಸಿರು ಗುಂಡು ಕಂಡರೆ ಹೆಣ್ಣು. ಕುಂಬಳದ ಬಳ್ಳಿ ಮೊದಲು ಗಂಡು ಹೂಗಳನ್ನೇ ಬಿಡುತ್ತದೆ, ಹೆಣ್ಣು ಬರುವುದು ಆಮೇಲೆ. ಗಂಡು ಹೂವು ಉದುರುವುದು ರೋಗವಲ್ಲ, ಅದರ ಆಯುಷ್ಯವೇ ಒಂದು ಬೆಳಗು. ಯೂರಿಯಾ ಜಾಸ್ತಿ ಸುರಿದರೆ ಎಲೆಯೂ ಗಂಡು ಹೂವೂ ಇನ್ನಷ್ಟು ಹೆಚ್ಚುತ್ತವೆ, ಅಷ್ಟೆ.

ಕೊಳೆತ ಹೀಚಿನ ಕಥೆ ಬೇರೆ. ಹೀಚಿಗೆ ಬೆರಳು ತೋರಿಸಬೇಡ, ಕೊಳೆಯುತ್ತದೆ ಎಂದು ನಮ್ಮಜ್ಜಿ ಗದರುತ್ತಿದ್ದರು. ನಾನು ಬೆರಳು ಮಡಚಿ, ಗೆಣ್ಣಿನಿಂದ ತೋರಿಸುತ್ತಿದ್ದೆ. ಆದರೂ ಕೊಳೆಯುತ್ತಿತ್ತು. ಹೀಚಿನ ಮೇಲೆ ಸೂಜಿ ಚುಚ್ಚಿದಂಥ ಗುರುತು, ಅಂಟು ಒಸರಿದ ಕಲೆ ಇದ್ದರೆ ಅದು ಹಣ್ಣುನೊಣದ ಕೆಲಸ. ಗಾಯವೇನೂ ಇಲ್ಲದೆ ತುದಿಯಿಂದ ಹಳದಿಯಾಗಿ ಮುದುಡಿದರೆ ಬಹುಪಾಲು ಒಂದೇ ಕಾರಣ: ಪರಾಗ ಬಂದು ಮುಟ್ಟಿಲ್ಲ, ಇಲ್ಲವೇ ಸಾಕಷ್ಟು ಮುಟ್ಟಿಲ್ಲ.

ಸಾಕಷ್ಟು ಎಂದರೆ ಎಷ್ಟು? ಕುಂಬಳಕಾಯಿ ಹೆಚ್ಚುವಾಗ ತಿರುಳಿನೊಳಗಿನ ಬೀಜ ಎಣಿಸಿ ನೋಡಿ, ನೂರಾರು ಇರುತ್ತವೆ. ಒಂದೊಂದು ಬೀಜಕ್ಕೂ ಒಂದೊಂದು ಪರಾಗದ ಕಣ ಬೇಕು. ಹೆಣ್ಣು ಹೂವಿನ ನಡುವೆ ಕಿತ್ತಳೆ ಬಣ್ಣದ ಗಂಟುಗಂಟಾದ ಶಲಾಕಾಗ್ರವಿದೆಯಲ್ಲ, ಕಣ ಅಲ್ಲಿ ಕುಳಿತು ಮೊಳಕೆಯಂತೆ ಒಂದು ನಳಿಗೆಯನ್ನು ಇಳಿಬಿಡುತ್ತದೆ. ನಳಿಗೆ ಕೆಳಗಿನ ಹಸಿರು ಗುಂಡಿನವರೆಗೆ ಬೆಳೆದು, ಒಳಗಿನ ಒಂದು ಅಂಡಕವನ್ನು, ಎಂದರೆ ಮುಂದೆ ಬೀಜವಾಗುವ ಭಾಗವನ್ನು, ಹುಡುಕಿ ಸೇರುತ್ತದೆ. ಬೀಜ ಕಟ್ಟತೊಡಗಿದ ಮೇಲೆ ಅಲ್ಲಿಂದ ಹೊರಡುವ ಹಾರ್ಮೋನುಗಳೇ ಕಾಯಿಗೆ ಬೆಳೆಯಲು ಹೇಳುವುದು. ಬೀಜವಿಲ್ಲದ ಹೀಚನ್ನು ಬಳ್ಳಿ ಸಾಕುವುದಿಲ್ಲ. ಒಂದು ಬದಿಗೆ ಮಾತ್ರ ಬೀಜ ಕಟ್ಟಿದರೆ ಕಾಯಿ ಸೊಟ್ಟಗಾಗುತ್ತದೆ.

ಆ ನಳಿಗೆಯಲ್ಲಿ ಇಳಿಯುವ ಗಂಡು ಕೋಶ ಒಂದಲ್ಲ, ಎರಡು. ಒಂದು ಅಂಡವನ್ನು ಕೂಡಿ ಭ್ರೂಣವಾಗುತ್ತದೆ. ಇನ್ನೊಂದು ಆ ಭ್ರೂಣಕ್ಕೆ ಬುತ್ತಿ ಕಟ್ಟುತ್ತದೆ. ಹೂ ಬಿಡುವ ಗಿಡಗಳ ಈ ಜೋಡಿ ಕೂಟ ಬೆಳಕಿಗೆ ಬಂದದ್ದು 1898ರಲ್ಲಿ. ಕುಂಬಳದ ಭ್ರೂಣ ಬುತ್ತಿಯನ್ನೆಲ್ಲ ತಾನೇ ಉಂಡು ದಪ್ಪ ಬೇಳೆಯಾಗುತ್ತದೆ. ತೆಂಗಿನದು ಹಾಗಲ್ಲ, ಬುತ್ತಿ ಉಳಿಯುತ್ತದೆ. ನಾವು ಕುಡಿಯುವ ಎಳನೀರು ಅದೇ, ಹೆರೆದು ತಿನ್ನುವ ಗಂಜಿಯೂ ಅದೇ.

ಮಹಡಿಯ ಮೇಲೆ ಅಷ್ಟು ಗಾಳಿ ಬೀಸುತ್ತದೆ, ಅದು ಪರಾಗ ಒಯ್ಯದೇ ಎಂದು ಕೇಳಬಹುದು. ಗಂಡು ಹೂವಿನ ಕಡ್ಡಿಯನ್ನು ಬೆರಳಿಂದ ಸವರಿ ನೋಡಿ. ಅರಿಶಿನ ಹಚ್ಚಿದಂತೆ ಅಂಟಿಕೊಳ್ಳುತ್ತದೆ, ಊದಿದರೆ ಹಾರುವುದಿಲ್ಲ. ಕಣ ದಪ್ಪ, ಮೈತುಂಬ ಮುಳ್ಳು, ಮೇಲೆ ಜಿಡ್ಡು. ಜೇನಿನ ರೋಮಕ್ಕೆ ಸಿಕ್ಕಿಕೊಳ್ಳಲೆಂದೇ ಆದ ಮೈ ಅದು.

ಗಾಳಿಯನ್ನು ನಂಬಿದವರ ರೀತಿ ಬೇರೆ. ಊಟಿಯ ಪೈನ್ ತೋಪಿನಿಂದ ಮಕ್ಕಳು ಆರಿಸಿ ತರುವ ಕಟ್ಟಿಗೆಯಂಥ ಶಂಕುವನ್ನು ನೋಡಿದ್ದೀರಲ್ಲ. ಅದು ಹೆಣ್ಣು. ಗಂಡು ಶಂಕುಗಳು ಕಿರುಬೆರಳಿಗಿಂತ ಚಿಕ್ಕವು, ಪರಾಗ ಚೆಲ್ಲಿ ಉದುರಿಹೋಗುತ್ತವೆ. ಅವುಗಳ ಕಣಕ್ಕೆ ಎರಡು ಗಾಳಿಚೀಲಗಳಿವೆ. ಎಲ್ಲಿ ಬೀಳುತ್ತದೋ ಎಂಬ ಖಾತರಿ ಇಲ್ಲದ್ದರಿಂದ ಮರ ಹಳದಿ ಧೂಳೇಳುವಷ್ಟು ಪರಾಗ ಸುರಿಯುತ್ತದೆ. ಹೂವೂ ಇಲ್ಲ, ಹಣ್ಣೂ ಇಲ್ಲ, ಶಂಕುವಿನ ಹಲಗೆಗಳ ಮೇಲೆ ಬೀಜ ಬರಿಮೈಯಲ್ಲಿ ಕೂತಿರುತ್ತದೆ. ಕುಂಬಳದಲ್ಲಿ ಒಂದೆರಡು ದಿನದಲ್ಲಿ ಮುಗಿಯುವ ನಳಿಗೆಯ ಪಯಣ ಪೈನ್‌ನಲ್ಲಿ ಸುಮಾರು ಒಂದು ವರ್ಷ ಹಿಡಿಯುತ್ತದೆ. (ನಮ್ಮ ಕರಾವಳಿಯ ಗಾಳಿಮರದ ಪುಟ್ಟ ಕಾಯಿಗಳೂ ಶಂಕುವಿನಂತೆಯೇ ಕಾಣುತ್ತವೆ. ಮೋಸಹೋಗಬೇಡಿ, ಅದು ಹೂ ಬಿಡುವ ಮರ.)

ನಿಮ್ಮ ಬಳ್ಳಿಗೆ ಜೇನೇ ಬೇಕು, ಅದೂ ಬೆಳಗಿನ ಹೊತ್ತು. ಬಿಸಿಲೇರಿದಂತೆ ಹೂವು ಮುಚ್ಚಿಕೊಳ್ಳುತ್ತದೆ. ಬೆಳಗಿನ ಆ ಹೊತ್ತಿಗೇ ಕೀಟನಾಶಕ ಹೊಡೆದರೆ ತುಡುವೆ ಜೇನು, ಕೋಲುಜೇನು ಸುಳಿಯುವುದೂ ನಿಂತುಹೋಗುತ್ತದೆ. ಔಷಧ ಬೇಡ ಎಂದದ್ದು ಇದಕ್ಕೇ.

ಎತ್ತರದ ಕಟ್ಟಡಕ್ಕೆ ಜೇನು ಬಾರದಿದ್ದರೆ ನೀವೇ ಜೇನಾಗಿ. ಎಂಟು ಗಂಟೆಯೊಳಗೆ ಆಗಷ್ಟೇ ಅರಳಿದ ಗಂಡು ಹೂವೊಂದನ್ನು ಕಿತ್ತು, ದಳ ಸುಲಿದು, ಕಡ್ಡಿಯನ್ನು ಹೆಣ್ಣು ಹೂವಿನ ನಡುವಿನ ಗಂಟುಗಳಿಗೆಲ್ಲ ಮೆತ್ತಗೆ ಸವರಿ. ಎರಡು ಗಂಡು ಹೂವು ಬಳಸಿದರೆ ಇನ್ನೂ ಒಳ್ಳೆಯದು. ಸೋರೆ, ಹೀರೆಗಳಿಗೆ ಈ ಕೆಲಸ ಸಂಜೆ, ಏಕೆಂದರೆ ಅವು ಅರಳುವುದೇ ಆಗ. ಮಲೆನಾಡಿನಲ್ಲಿ ವೆನಿಲ್ಲಾ ಬೆಳೆದವರಿಗೆ ಇದು ಹೊಸದೇನಲ್ಲ, ಅಲ್ಲಿ ಒಂದೊಂದು ಹೂವಿಗೂ ಕೈ ಹಚ್ಚಲೇಬೇಕು. ಬಿದಿರಿನ ಸೀಳಿನಿಂದ ಹೂವಿನೊಳಗಿನ ತೆರೆಯನ್ನೆತ್ತಿ ಹೆಬ್ಬೆರಳಿನಿಂದ ಒತ್ತುವ ಆ ಉಪಾಯವನ್ನು 1841ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಕಂಡುಹಿಡಿದವನು ಎಡ್ಮಂಡ್ ಎಂಬ ಹನ್ನೆರಡು ವರ್ಷದ ಗುಲಾಮ ಹುಡುಗ. ಆಲ್ಬಿಯಸ್ ಎಂಬ ಅಡ್ಡಹೆಸರು ಅವನಿಗೆ ಸಿಕ್ಕಿದ್ದು ಬಿಡುಗಡೆಯಾದ ಮೇಲೆ.

ಸವರಿದ ನಾಲ್ಕೈದು ದಿನಕ್ಕೆ ಹೀಚು ಹಸಿರಾಗಿಯೇ ಉಳಿದು ಉಬ್ಬತೊಡಗಿದ್ದರೆ ಕಾಯಿ ಕಚ್ಚಿತೆಂದು ತಿಳಿಯಿರಿ. ಮಿಕ್ಕ ಗಂಡು ಹೂಗಳನ್ನು ಸುಮ್ಮನೆ ಉದುರಲು ಬಿಡಬೇಡಿ, ಬಜ್ಜಿಗೆ ಬಹಳ ಚೆನ್ನಾಗಿರುತ್ತವೆ. ನಾಳೆ ಅರಳುವ ಗಂಡು ಮೊಗ್ಗುಗಳನ್ನು ಮಾತ್ರ ನಾಳೆಯ ಹೆಣ್ಣು ಹೂವಿಗೆಂದು ಬಳ್ಳಿಯಲ್ಲೇ ಬಿಡಿ.